ಟಾಕೀಸಿನ ಕ್ಯಾಬಿನ್‌ಗೆ ಗುಜರಿಯವರನ್ನು ಬಿಡುವ ಮುನ್ನ

ಪ್ರಶ್ನೆ: ನಾವು ಜಗಳೂರು ಕಡೆಯವರು. ನಮ್ಮ ಅಜ್ಜ ಕಟ್ಟಿಸಿದ ಟಾಕೀಸು 2008ರಲ್ಲಿ ಮುಚ್ಚಿತು, ಅಂದಿನಿಂದ ಬೀಗ ಬಿದ್ದಿದೆ. ಮಳೆಗೆ ಮೂಲೆಯ ಶೀಟು ಒಡೆದದ್ದರಿಂದ ಈಚೆಗೆ ಒಳಗೆ ಹೋಗಿ ನೋಡಿದೆವು. ಮೇಲಿನ ಪ್ರೊಜೆಕ್ಟರ್ ಕ್ಯಾಬಿನ್‌ನಲ್ಲಿ ಸಿನಿಮಾ ತೋರಿಸುವ ಎರಡು ಮೆಶಿನ್, ಹದಿನಾಲ್ಕು ರೀಲ್ ಡಬ್ಬಿ, ಒಳಗೆ ದೊಡ್ಡ ಗಾಜಿನ ಬುರುಡೆ ಇರುವ ಕಬ್ಬಿಣದ ಕಪಾಟು, ಬಳಸದ ಒಂದು ಲ್ಯಾಂಪ್, ಹಳೆಯ ಆಂಪ್ಲಿಫೈಯರ್, ಒಂದು ಮರದ ಪೆಟ್ಟಿಗೆ ತುಂಬ ಗಾಜಿನ ಚೌಕಗಳು ಇವೆ. ಕೆಲವು ಡಬ್ಬಿಗಳಿಂದ ಹುಳಿ ವಾಸನೆ ಬರುತ್ತದೆ. ಹಳೇ ರೀಲು ಸಿಡಿಯುತ್ತದೆ, ಬೇಗ ಸಾಗಿಸಿ ಎನ್ನುತ್ತಾರೆ ಚಿಕ್ಕಪ್ಪ. ಗುಜರಿಯವರು ಎಲ್ಲಕ್ಕೂ ಸೇರಿಸಿ ಒಂದು ರೇಟು ಹೇಳಿದ್ದಾರೆ. ಇನ್ನೊಬ್ಬರು ಆಂಪ್ಲಿಫೈಯರಿನಲ್ಲಿ ಕೆಂಪು ಪಾದರಸ ಇದ್ದರೆ ಲಕ್ಷಗಟ್ಟಲೆ ಕೊಡುತ್ತೇವೆ ಅಂದರು. ಟಾಕೀಸು 1936ರದ್ದು ಎಂದು ಮನೆಯಲ್ಲಿ ಹೇಳುತ್ತಾರೆ, ಕಾಗದ ಒಂದೂ ಸಿಕ್ಕಿಲ್ಲ. ಅಣ್ಣಂದಿರಿಗೆ ಕಲ್ಯಾಣ ಮಂಟಪ ಮಾಡುವ ಮನಸ್ಸು, ನನಗೆ ಉಳಿಸುವ ಆಸೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ರೀಲು ಅಪಾಯವೇ, ಸಾಮಾನಿಗೆ ಬೆಲೆ ಇದೆಯೇ, ಕಟ್ಟಡದ ವಯಸ್ಸೆಷ್ಟು, ಮುಂದೇನು ಎಂಬ ನಾಲ್ಕು ಚಿಂತೆಗಳು ನಿಮ್ಮ ಪತ್ರದಲ್ಲಿ ಒಟ್ಟಿಗೇ ಬಂದಿವೆ. ಮನೆಯಲ್ಲಿ ಕೊನೆಯದನ್ನೇ ಮೊದಲು ಇತ್ಯರ್ಥ ಮಾಡುವ ಒತ್ತಡ ಇರುತ್ತದೆ. ಅದನ್ನು ಕೊನೆಗೇ ಇಡಿ. ಒಡೆದ ಶೀಟಿನ ಮೇಲೆ ಇವತ್ತೇ ಟಾರ್ಪಾಲು ಹಾಕಿಸಿ, ಕ್ಯಾಬಿನ್‌ಗೆ ಹೊಸ ಬೀಗ ಹಾಕಿ, ಎಲ್ಲವನ್ನೂ ಇದ್ದ ಜಾಗದಲ್ಲೇ ಫೋಟೊ ತೆಗೆಯಿರಿ. ‘ಎಲ್ಲ ಸೇರಿ ಒಂದು ರೇಟು’ ಎಂಬ ವ್ಯಾಪಾರಕ್ಕೆ ಮಾತ್ರ ಒಪ್ಪಬೇಡಿ. ಆ ಕೋಣೆಯಲ್ಲಿ ಕಬ್ಬಿಣದ ತೂಕಕ್ಕೆ ಹೋಗುವಂಥದ್ದೂ ಇದೆ, ಕೈಯಿಂದ ಮುಟ್ಟಬಾರದ್ದೂ ಇದೆ, ನಿಮ್ಮ ಊರಿನಲ್ಲಿ ಇನ್ನೆಲ್ಲೂ ಸಿಗದ್ದೂ ಇದೆ. ಗುಜರಿಯವರಿಗೆ ಈ ಮೂರರ ನಡುವೆ ವ್ಯತ್ಯಾಸವಿಲ್ಲ.

ಚಿಕ್ಕಪ್ಪನವರ ಭಯ ಹುಸಿಯಲ್ಲ, ಆದರೆ ಅದು ಬೇರೆ ಕಾಲದ ರೀಲಿಗೆ ಸೇರಿದ್ದು. ಸಿನಿಮಾ ಹುಟ್ಟಿದಾಗಿನಿಂದ ಸುಮಾರು 1950ರವರೆಗೆ 35 ಮಿ.ಮೀ. ಫಿಲ್ಮನ್ನು ಸೆಲ್ಯುಲೋಸ್ ನೈಟ್ರೇಟಿನಿಂದ ಮಾಡುತ್ತಿದ್ದರು. ಅದು ಉರಿಯುವಾಗ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಬಿಡುಗಡೆ ಮಾಡುತ್ತದೆ. ಹಾಗಾಗಿ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಹದಗೆಟ್ಟ ನೈಟ್ರೇಟ್ 40 ಡಿಗ್ರಿ ಆಸುಪಾಸಿನ ಶಾಖಕ್ಕೇ ತಾನಾಗಿ ಹೊತ್ತಿಕೊಳ್ಳಬಲ್ಲದು. ಏಪ್ರಿಲ್ ಬಿಸಿಲಿನಲ್ಲಿ ಶೀಟಿನ ಕೆಳಗಿನ ನಮ್ಮ ಕ್ಯಾಬಿನ್‌ಗಳು ಆ ಶಾಖ ಮುಟ್ಟುವುದು ಸಲೀಸು. ಕ್ಯಾಬಿನ್‌ಗೆ ದಪ್ಪ ಗೋಡೆ, ಬೇರೆ ಮೆಟ್ಟಿಲು, ಗೋಡೆಯ ಕಿಂಡಿಗಳಿಗೆ ಜಾರಿ ಮುಚ್ಚುವ ತಗಡಿನ ಬಾಗಿಲು, ಮೆಶಿನ್‌ನಲ್ಲಿ ರೀಲು ಕೂರಿಸುವ ಸ್ಪೂಲ್ ಪೆಟ್ಟಿಗೆಯ ಬಾಯಲ್ಲಿ ಬೆಂಕಿ ತಡೆಯುವ ರೋಲರ್‌ಗಳು, ಇವೆಲ್ಲ ನೈಟ್ರೇಟ್ ಕಾಲದ ಎಚ್ಚರಿಕೆಗಳು. ಕೊಡಾಕ್ ಕಂಪನಿ 1951ರ ಹೊತ್ತಿಗೆ ಅದನ್ನು ತಯಾರಿಸುವುದನ್ನೇ ನಿಲ್ಲಿಸಿತು. ಆಮೇಲೆ ಬಂದ ಅಸಿಟೇಟ್ ಫಿಲ್ಮು ಕಾಗದಕ್ಕಿಂತ ನಿಧಾನವಾಗಿ ಉರಿಯುತ್ತದೆ. 2008ರವರೆಗೆ ನಡೆದ ಟಾಕೀಸಿನಲ್ಲಿ ಉಳಿದ ಡಬ್ಬಿಗಳು ಅಸಿಟೇಟ್ ಅಥವಾ ಅದಕ್ಕೂ ಈಚಿನ ಪಾಲಿಯೆಸ್ಟರ್ ಆಗಿರುವ ಸಂಭವವೇ ಹೆಚ್ಚು. ಹುಳಿ ವಾಸನೆಯೂ ಅದನ್ನೇ ಹೇಳುತ್ತದೆ: ಅಸಿಟೇಟ್ ಕೊಳೆಯುವಾಗ ಹೊರಬರುವುದು ಅಸಿಟಿಕ್ ಆಮ್ಲ, ಅಂದರೆ ವಿನೆಗರ್.

ಆದರೂ ಊಹೆಯ ಮೇಲೆ ನಿಲ್ಲಬೇಡಿ. ಬೆಳಗಿನ ತಂಪು ಹೊತ್ತಿನಲ್ಲಿ, ಕಿಟಕಿ ಬಾಗಿಲು ತೆರೆದು, ಬೀಡಿ–ಬೆಂಕಿಪೊಟ್ಟಣ ಕೆಳಗೇ ಬಿಟ್ಟು, ರಬ್ಬರ್ ಕೈಗವಸು ಹಾಕಿಕೊಂಡು ಒಂದೊಂದೇ ಡಬ್ಬಿ ತೆರೆಯಿರಿ. ತುಕ್ಕು ಹಿಡಿದ ಮುಚ್ಚಳಕ್ಕೆ ಸುತ್ತಿಗೆ ಬೇಡ, ಚಪ್ಪಟೆ ಉಳಿಯನ್ನು ಅಂಚಿನ ಸುತ್ತ ಸ್ವಲ್ಪ ಸ್ವಲ್ಪವೇ ಆಡಿಸಿ. ರೀಲಿನ ಹೊರಸುತ್ತಿನ ಒಂದು ಮೊಳದಷ್ಟನ್ನು ಬೆಳಕಿಗೆ ಹಿಡಿದರೆ ರಂಧ್ರಗಳ ಪಕ್ಕದ ಅಂಚಿನಲ್ಲಿ ಇಂಗ್ಲಿಷ್ ಅಕ್ಷರ ಕಾಣುತ್ತದೆ. ‘ಸೇಫ್ಟಿ’ ಎಂದಿದ್ದರೆ ಸಾಮಾನ್ಯವಾಗಿ ಅಸಿಟೇಟ್, ‘ನೈಟ್ರೇಟ್’ ಎಂದಿದ್ದರೆ ನೈಟ್ರೇಟ್. ಅಂಚಿನಲ್ಲಿ ‘ಇಂದು’ ಎಂಬ ಬ್ರ್ಯಾಂಡ್ ಕಂಡರೆ ಅದು ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ಮಾಲು. ಆ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1967ರಲ್ಲಿ, ಹಾಗಾಗಿ ರೀಲು ಅದಕ್ಕಿಂತ ಹಳೆಯದಲ್ಲ. ಸುತ್ತಿದ ರೀಲನ್ನು ಮಗ್ಗುಲಿನಿಂದ ಬೆಳಕಿಗೆ ಹಿಡಿದಾಗ ಬೆಳಕು ಆರಪಾರ ಹಾದರೆ ಪಾಲಿಯೆಸ್ಟರ್, ಅದಕ್ಕೆ ಯಾವ ಚಿಂತೆಯೂ ಬೇಡ. ತುಂಡು ಕತ್ತರಿಸಿ ಸುಟ್ಟು ನೋಡುವ ಪರೀಕ್ಷೆಯನ್ನು ಹಲವರು ಹೇಳಿಕೊಡುತ್ತಾರೆ, ದಯವಿಟ್ಟು ಮಾಡಬೇಡಿ. ಅಂಟಂಟಾಗಿ, ಕಂದು ನೊರೆ ಎದ್ದು, ಕಮಟು ವಾಸನೆ ಬರುವ ಅಥವಾ ಕಂದು ಪುಡಿಯಾಗಿರುವ ರೀಲು ಸಿಕ್ಕರೆ ಮುಚ್ಚಳವನ್ನು ಬಿಗಿಯದೆ ಸುಮ್ಮನೆ ಮೇಲಿಟ್ಟು, ಕಟ್ಟಡದ ಹೊರಗೆ ನೆರಳಿನಲ್ಲಿ ಒಂಟಿಯಾಗಿಡಿ. ಆಮೇಲೆ ಅಗ್ನಿಶಾಮಕ ಠಾಣೆಗೂ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೂ ತಿಳಿಸಿ. ಅದನ್ನು ಬಸ್ಸಿನಲ್ಲೋ ಕೊರಿಯರಿನಲ್ಲೋ ಕಳಿಸುವಂತಿಲ್ಲ.

ಹುಳಿ ವಾಸನೆಯ ಡಬ್ಬಿಗಳನ್ನು ಉಳಿದವುಗಳಿಂದ ಇವತ್ತೇ ಬೇರೆ ಕೋಣೆಗೆ ಒಯ್ಯಿರಿ. ಆ ಆವಿಯೇ ಪಕ್ಕದ ರೀಲನ್ನೂ ಕೆಡಿಸುತ್ತದೆ. ಶುರುವಾದ ಕೊಳೆತವನ್ನು ಹಿಂದಕ್ಕೆ ತಿರುಗಿಸಲಾಗದು, ತಂಪಿನಿಂದ ನಿಧಾನ ಮಾಡಬಹುದು ಅಷ್ಟೇ. ಕ್ಯಾಬಿನ್ ಬಿಟ್ಟು ನೆಲಮಹಡಿಯ ತಂಪಾದ ಕೋಣೆಯಲ್ಲಿ, ತುಕ್ಕಿನ ಡಬ್ಬಿ ತೆಗೆದು ಗಾಳಿಯಾಡುವ ರಟ್ಟಿನ ಪೆಟ್ಟಿಗೆಗೆ ಹಾಕಿ, ಮಲಗಿಸಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟುವುದು ಎಲ್ಲರೂ ಮಾಡುವ ತಪ್ಪು, ಆಮ್ಲ ಒಳಗೇ ಉಳಿದು ಇನ್ನೂ ಬೇಗ ಕೆಡುತ್ತದೆ. ರೀಲು ಎಷ್ಟು ಕುಗ್ಗಿದೆ ಎಂದು ತಿಳಿಯಲು ಒಂದು ಅಳತೆ ಇದೆ. 35 ಮಿ.ಮೀ. ಫಿಲ್ಮಿನಲ್ಲಿ ಒಂದು ಚೌಕಟ್ಟಿಗೆ ನಾಲ್ಕು ರಂಧ್ರ, ರಂಧ್ರದಿಂದ ರಂಧ್ರಕ್ಕೆ 4.75 ಮಿ.ಮೀ. ಅಂದರೆ ನೂರು ಚೌಕಟ್ಟು ಸರಿಯಾಗಿ 1900 ಮಿ.ಮೀ. ಇರಬೇಕು. ಮೇಜಿನ ಮೇಲೆ ಎಳೆಯದೆ ಹರವಿ ಅಳೆದಾಗ 1881ಕ್ಕಿಂತ ಕಡಿಮೆ ಬಂದರೆ ಶೇ 1ಕ್ಕೂ ಹೆಚ್ಚು ಕುಗ್ಗಿದೆ ಎಂದರ್ಥ. ಅಂಥದ್ದನ್ನು ಮೆಶಿನ್‌ಗೆ ಹಾಕಿದರೆ ಹಲ್ಲುಚಕ್ರ ರಂಧ್ರಗಳನ್ನೆಲ್ಲ ಹರಿದು ಹಾಕುತ್ತದೆ.

ಹದಿನಾಲ್ಕು ಡಬ್ಬಿ ಎಂದರೆ ಒಂದು ಪೂರ್ತಿ ಸಿನಿಮಾ ಇರಬಹುದೆಂದು ಅನಿಸುವುದು ಸಹಜ. ಸಾವಿರ ಅಡಿಯ ರೀಲು 11 ನಿಮಿಷ ಓಡುತ್ತದೆ, ಲೆಕ್ಕ ಹೊಂದುತ್ತದೆ. ಆದರೆ ಸಿನಿಮಾ ಪ್ರಿಂಟು ಹಂಚಿಕೆದಾರರದು. ಆಟ ಮುಗಿದ ರಾತ್ರಿಯೇ ರೀಲ್ ಪೆಟ್ಟಿಗೆ ಮುಂದಿನ ಊರಿನ ಬಸ್ ಹತ್ತುತ್ತಿತ್ತು. ಹಿಂದೆ ಉಳಿಯುತ್ತಿದ್ದದ್ದು ಟ್ರೇಲರ್, ಜಾಹೀರಾತು, ಕೇಂದ್ರ ಸರಕಾರದ ಫಿಲ್ಮ್ಸ್ ಡಿವಿಷನ್ನಿನ ವಾರ್ತಾಚಿತ್ರ. 1948ರಲ್ಲಿ ಹುಟ್ಟಿದ ಆ ಸಂಸ್ಥೆಯ ಕಿರುಚಿತ್ರವನ್ನು ಆಟದ ಮುಂಚೆ ತೋರಿಸುವುದು ಪರವಾನಗಿಯ ಷರತ್ತೇ ಆಗಿತ್ತು. ಸಿನಿಮಾ ಪ್ರಿಂಟೇ ಇದ್ದರೂ ಅದನ್ನು ಮಾರುವ, ಡಿಜಿಟಲ್ ಮಾಡಿ ಹಾಕುವ ಹಕ್ಕು ನಿಮಗಿಲ್ಲ. ಚಿತ್ರದ ಕೃತಿಸ್ವಾಮ್ಯ ಬಿಡುಗಡೆಯ ನಂತರ 60 ವರ್ಷ ಇರುತ್ತದೆ. ಶೀರ್ಷಿಕೆ, ರೀಲ್ ಸಂಖ್ಯೆ, ಭಾಷೆ, ಅಂಚಿನ ಅಕ್ಷರ, ಸ್ಥಿತಿ ಬರೆದ ಪಟ್ಟಿಯನ್ನು ಪುಣೆಗೆ ಕಳಿಸಿದರೆ ಅವರು ಬೇಕಾದ್ದನ್ನು ಕೇಳುತ್ತಾರೆ. ಇನ್ನೊಂದು ದಾರಿ ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಷನ್. ಬೆಳ್ಳಿ ತೆಗೆಯಲು ರೀಲು ಕೊಳ್ಳುವವರೂ ಬರುತ್ತಾರೆ. ಕಪ್ಪು–ಬಿಳುಪಿನ ಚಿತ್ರದಲ್ಲಿ ಬೆಳ್ಳಿ ಇರುವುದು ನಿಜ, ಬಣ್ಣದ ಪ್ರಿಂಟಿನಲ್ಲಿ ತೊಳೆಯುವಾಗಲೇ ಹೋಗಿರುತ್ತದೆ. ದೇಶದ ಎಷ್ಟೋ ಹಳೆಯ ಚಿತ್ರಗಳು ಹೀಗೆ ಕುಲುಮೆಗೆ ಹೋಗಿಯೇ ಇಲ್ಲವಾದವು.

ನಿಜವಾದ ಅಪಾಯ ನೀವು ಕೇಳದೆ ಬಿಟ್ಟ ಎರಡು ವಸ್ತುಗಳಲ್ಲಿದೆ. ಕಪಾಟಿನೊಳಗಿನ ಗಾಜಿನ ಬುರುಡೆ ಮರ್ಕ್ಯುರಿ ಆರ್ಕ್ ರೆಕ್ಟಿಫೈಯರ್. ಮೆಶಿನ್‌ಗೆ ಬೆಳಕು ಕೊಡುವ ಕಾರ್ಬನ್ ಕಡ್ಡಿ ಉರಿಸಲು ಡಿ.ಸಿ. ಕರೆಂಟು ಬೇಕು, ಲೈನಿನಲ್ಲಿ ಬರುವುದು ಎ.ಸಿ.; ಬದಲಾಯಿಸುವ ಕೆಲಸ ಈ ಬುರುಡೆಯದು. ಬುಡದಲ್ಲಿ ಪಾದರಸದ ಕೊಳವೇ ಇರುತ್ತದೆ. ಅದನ್ನು ಬಿಚ್ಚಬೇಡಿ, ಓರೆ ಮಾಡಬೇಡಿ. ಸುತ್ತ ಥರ್ಮೋಕೋಲ್ ತುಂಬಿ ಕಪಾಟಿನ ಬಾಗಿಲು ಕಟ್ಟಿಡಿ. ಒಡೆದಿದ್ದರೆ ಪೊರಕೆ ಹಾಕಬಾರದು, ಗುಡಿಸಿದಷ್ಟೂ ಸಣ್ಣ ಹನಿಯಾಗಿ ಹರಡುತ್ತದೆ. ಮೈಮೇಲಿನ ಚಿನ್ನ ತೆಗೆದಿಟ್ಟು, ಕೋಣೆಗೆ ಗಾಳಿ ಬಿಟ್ಟು, ಗಟ್ಟಿ ಕಾಗದದಿಂದ ಹನಿಗಳನ್ನು ಒಟ್ಟು ಮಾಡಿ ನೀರಿರುವ ಗಾಜಿನ ಬಾಟಲಿಗೆ ಹಾಕಿ ಮುಚ್ಚಿ. ವಿಲೇವಾರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯನ್ನು ಕೇಳಿ.

ಎರಡನೆಯದು ಆ ‘ಬಳಸದ ಲ್ಯಾಂಪ್’. ಅದು ಕಾರ್ಬನ್ ಕಡ್ಡಿಯ ಬದಲಿಗೆ ಬಂದ ಝೆನಾನ್ ಬಲ್ಬ್ ಆಗಿದ್ದರೆ ತಣ್ಣಗಿರುವಾಗಲೂ ಒಳಗೆ ಹೊರಗಿನ ಗಾಳಿಯ ಹಲವು ಪಟ್ಟು ಒತ್ತಡ ಇರುತ್ತದೆ. ಕೈಜಾರಿದರೆ ಸ್ಫಟಿಕದ ಚೂರು ಕಣ್ಣಿಗೆ, ಕತ್ತಿಗೆ ಹಾರುತ್ತದೆ. ಕಂಪನಿಯ ಪ್ಲಾಸ್ಟಿಕ್ ಕವಚದಲ್ಲಿದ್ದರೆ ಕವಚ ತೆಗೆಯಬೇಡಿ. ಮೆಶಿನ್‌ನ ದೀಪದ ಪೆಟ್ಟಿಗೆಯಾದ ಲ್ಯಾಂಪ್‌ಹೌಸಿನಲ್ಲೂ ಒಂದು ಇರಬಹುದು. ಮುಖಕ್ಕೆ ಪೂರ್ತಿ ಶೀಲ್ಡ್, ಚರ್ಮದ ಕೈಗವಸು, ದಪ್ಪ ಅಂಗಿ ಇಲ್ಲದೆ ಆ ಬಾಗಿಲು ತೆಗೆಯಬಾರದು. ಹಳೆಯ ಆಪರೇಟರ್ ಒಬ್ಬರನ್ನು ಹುಡುಕಿ ಅವರಿಂದಲೇ ಬಿಚ್ಚಿಸಿ. ಲ್ಯಾಂಪ್‌ಹೌಸಿನ ಒಳಪದರ, ತಂತಿಯ ಹೊದಿಕೆ, ಒಡೆದ ಮಾಳಿಗೆ ಶೀಟು, ಈ ಮೂರರಲ್ಲೂ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಹೆಚ್ಚು. ಶೀಟನ್ನು ಒಡೆದು ಇಳಿಸದೆ, ನೀರು ಚಿಮುಕಿಸಿ ಬೋಲ್ಟ್ ಬಿಚ್ಚಿ ಇಡಿಯಾಗಿ ಇಳಿಸಿ. ಕರ್ಚೀಫು ಕಟ್ಟಿಕೊಂಡರೆ ಆ ಧೂಳು ತಡೆಯುವುದಿಲ್ಲ.

ಕೆಂಪು ಪಾದರಸ ಶುದ್ಧ ಮೋಸ. ಹಳೇ ರೇಡಿಯೊ, ಟಿ.ವಿ., ವಾಲ್ವ್ (ಗಾಜಿನ ಕೊಳವೆ) ಇರುವ ಆಂಪ್ಲಿಫೈಯರ್ ಎಲ್ಲಕ್ಕೂ ಈ ಕಥೆ ಕಟ್ಟಿದ್ದಾರೆ. ಅಂಥ ವಸ್ತು ವಾಲ್ವಿನಲ್ಲಿ ಇಲ್ಲ, ಎಂದೂ ಇರಲಿಲ್ಲ. ‘ಪರೀಕ್ಷೆಗೆ’ ಎಂದು ಮುಂಗಡ ಕೇಳುವುದು ಅಥವಾ ಸಾಮಾನು ಒಯ್ದು ನಾಪತ್ತೆಯಾಗುವುದು ಅದರ ಮುಂದಿನ ಹೆಜ್ಜೆ. ಹಾಗೆಂದು ಆಂಪ್ಲಿಫೈಯರಿಗೆ ಕರೆಂಟು ಕೊಟ್ಟು ನೋಡಬೇಡಿ. ವಾಲ್ವುಗಳಿಗೆ ಹೋಗುವುದು ನೂರಾರು ವೋಲ್ಟ್, ಒಣಗಿದ ಕೆಪಾಸಿಟರ್ ಹಾರುತ್ತದೆ.

ಮೆಶಿನ್‌ಗಳ ಮೇಲೆ ಫೋಟೋಫೋನ್, ವೆಸ್ಟ್ರೆಕ್ಸ್, ಸಿಂಪ್ಲೆಕ್ಸ್, ಕಾಲೀ ಎಂಬಂಥ ಹೆಸರಿನ ಫಲಕ ಮತ್ತು ಕ್ರಮಸಂಖ್ಯೆ ಇರುತ್ತದೆ, ಬರೆದುಕೊಳ್ಳಿ. ಮೋಟರ್ ಸ್ವಿಚ್ ಒತ್ತಬೇಡಿ. ಫಿಲ್ಮನ್ನು ಸೆಕೆಂಡಿಗೆ 24 ಸಲ ಎಳೆದು ನಿಲ್ಲಿಸುವ ಮಾಲ್ಟೀಸ್ ಕ್ರಾಸ್ ಎಣ್ಣೆಯಲ್ಲಿ ಮುಳುಗಿ ಓಡುವ ಭಾಗ. ವರ್ಷಗಟ್ಟಲೆ ನಿಂತಾಗ ಎಣ್ಣೆ ಅಂಟಾಗಿ ಬಿಗಿಯುತ್ತದೆ, ಮೋಟರ್ ಎಳೆದರೆ ಪಿನ್ ಮುರಿಯುತ್ತದೆ. ಹಳೆ ಎಣ್ಣೆ ಬಸಿದು, ಸೀಮೆಎಣ್ಣೆ ತುಂಬಿ ಒಂದು ರಾತ್ರಿ ಬಿಟ್ಟು, ಬಸಿದು, ತೆಳು ಮೆಶಿನ್ ಎಣ್ಣೆ ಹಾಕಿ ಕೈಯಿಂದ ತಿರುಗಿಸಿ ನೋಡಿ. ಕೊಡುವುದೇ ಆದರೆ ಜೋಡಿಯಾಗಿ ಕೊಡಿ, ಲೆನ್ಸ್, ಅಗಲ ಪರದೆಯ ಸ್ಕೋಪ್ ಲೆನ್ಸ್, ಸ್ಪೂಲ್ ಪೆಟ್ಟಿಗೆ, ರೀಲಿನ ಧ್ವನಿ ಓದುವ ಸೌಂಡ್‌ಹೆಡ್ ಎಲ್ಲ ಸೇರಿಸಿ. ಲೆನ್ಸ್ ಬೇರೆ ಮಾಡಿದ ಮೆಶಿನ್ ಬರೀ ಕಬ್ಬಿಣ.

ಇನ್ನು ಆ ಗಾಜಿನ ಚೌಕಗಳು. ನನ್ನ ಮಟ್ಟಿಗೆ ಇಡೀ ಕ್ಯಾಬಿನ್‌ನಲ್ಲಿ ಅತಿ ಅಮೂಲ್ಯ ವಸ್ತು ಅದೇ. ಮೂರೂಕಾಲು ಇಂಚಿನ ಚೌಕವಾಗಿದ್ದರೆ ಅವು ಇಂಟರ್‌ವಲ್‌ನಲ್ಲಿ ತೋರಿಸುತ್ತಿದ್ದ ಜಾಹೀರಾತು ಸ್ಲೈಡುಗಳು: ಊರಿನ ಬಟ್ಟೆ ಅಂಗಡಿ, ಖಾನಾವಳಿ, ಬೀಡಿ, ದಲ್ಲಾಲಿ ಮಂಡಿ, ‘ಶೀಘ್ರದಲ್ಲಿ ಬರಲಿದೆ’. ಮೆಶಿನ್ ಬೇರೆ ಊರಿನಲ್ಲೂ ಸಿಗುತ್ತದೆ, ಇವು ನಿಮ್ಮ ಊರಿನವು ಮಾತ್ರ. ಒರೆಸಬೇಡಿ, ಎಷ್ಟೋ ಸ್ಲೈಡಿನ ಬಣ್ಣ ನೀರು ತಾಗಿದರೆ ಅಳಿಸಿಹೋಗುತ್ತದೆ. ಮೃದು ಬ್ರಷ್‌ನಿಂದ ಧೂಳು ಮಾತ್ರ ತೆಗೆದು, ಬಿಳಿ ಹಾಳೆಯ ಮುಂದೆ ಹಿಂದಿನಿಂದ ಬೆಳಕು ಬಿಟ್ಟು ಫೋಟೊ ತೆಗೆದು, ಒಂದೊಂದಕ್ಕೂ ಕಾಗದದ ಲಕೋಟೆ ಮಾಡಿ, ನಿಲ್ಲಿಸಿ ಇಡಿ. ಬುಕಿಂಗ್ ಕೋಣೆಯ ಕಪಾಟಿನಲ್ಲಿ ಡಿ.ಸಿ.ಆರ್. ಪುಸ್ತಕ ಹುಡುಕಿ. ದಿನದ ಕಲೆಕ್ಷನ್ನಿನ ಆ ಲೆಕ್ಕದಲ್ಲಿ ಗಾಂಧಿ ಕ್ಲಾಸು, ಬೆಂಚು, ಚೇರು, ಬಾಲ್ಕನಿಗೆ ಎಷ್ಟು ಟಿಕೆಟ್, ಎಷ್ಟು ದರ, ಎಷ್ಟು ತೆರಿಗೆ ಎಂದಿರುತ್ತದೆ. ಯಾವ ಸಿನಿಮಾ ಎಷ್ಟು ವಾರ ತಡವಾಗಿ ನಿಮ್ಮ ಊರಿಗೆ ಬಂತು ಎಂಬುದೂ ಅದರಲ್ಲೇ ಸಿಗುತ್ತದೆ.

1936ರ ಮಾತಿಗೆ ಬರೋಣ. ಭಾರತದ ಮೊದಲ ವಾಕ್ಚಿತ್ರ 1931ರಲ್ಲಿ, ಕನ್ನಡದ್ದು 1934ರಲ್ಲಿ ಬಂತು, ಆದ್ದರಿಂದ 1936 ಅಸಾಧ್ಯವೇನಲ್ಲ. ಆದರೆ ಇಂಥ ಕಟ್ಟಡಗಳಿಗೆ ಬಹಳ ಸಲ ಮೂರು ವಯಸ್ಸಿರುತ್ತದೆ: ಅದೇ ಜಾಗದಲ್ಲಿ ಟೂರಿಂಗ್ ಟಾಕೀಸಿನ ಡೇರೆ ಹಾಕಿದ ವರ್ಷ, ಗೋಡೆ ಎದ್ದ ವರ್ಷ, ಈಗಿನ ಮೆಶಿನ್ ಬಂದ ವರ್ಷ. ಮನೆಯವರು ಮೊದಲನೆಯದನ್ನು ನೆನಪಿಟ್ಟಿರುತ್ತಾರೆ, ಸರಕಾರಿ ಕಡತ ಎರಡನೆಯದನ್ನು. ಇನ್ನೂ ಒಂದು ಸಾಧ್ಯತೆ ಇದೆ. ನಮ್ಮ ಭಾಗ ಕಂಪನಿ ನಾಟಕಗಳ ಸೀಮೆ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ದಾವಣಗೆರೆಯದೇ. ನಾಟಕಕ್ಕೆ ಕಟ್ಟಿದ ಮಂದಿರಕ್ಕೆ ಆಮೇಲೆ ಪರದೆ ಕಟ್ಟಿ ಟಾಕೀಸು ಮಾಡಿದ ಉದಾಹರಣೆಗಳು ಬೇಕಾದಷ್ಟಿವೆ. ಪರದೆಯ ಹಿಂದೆ ಹತ್ತು–ಹದಿನೈದು ಅಡಿ ಆಳದ ರಂಗ, ಎರಡೂ ಮಗ್ಗುಲಲ್ಲಿ ಬಾಗಿಲು, ಹಿಂದೆ ಬಣ್ಣದ ಕೋಣೆ ಇದ್ದರೆ ಅದು ನಾಟಕದ ಗುರುತು. ಸಿನಿಮಾಕ್ಕೇ ಕಟ್ಟಿದ್ದಾದರೆ ಪರದೆಯ ಹಿಂದೆ ಸ್ಪೀಕರ್ ಇಡುವಷ್ಟೇ ಜಾಗ ಇರುತ್ತದೆ. ಹಿತ್ತಲಿನಲ್ಲಿ ಬೋಲ್ಟ್ ಎದ್ದಿರುವ ಕಾಂಕ್ರೀಟ್ ಕಟ್ಟೆ ಇದೆಯೇ ನೋಡಿ. ಅದು ಆಯಿಲ್ ಎಂಜಿನ್ ಕೂರಿಸಿದ ಜಾಗವಾದರೆ, ಊರಿಗೆ ಕರೆಂಟು ಬರುವ ಮುಂಚೆಯೇ ಟಾಕೀಸು ನಡೆದಿರಬಹುದು. ಮಾಳಿಗೆಯ ಕಬ್ಬಿಣದ ತೊಲೆಗಳ ಮೇಲೆ ಕಾರ್ಖಾನೆಯ ಹೆಸರು ಎದ್ದಿರುತ್ತದೆ, ಆದರೆ ಬೇರೆ ಕಟ್ಟಡದಿಂದ ತಂದ ತೊಲೆಯೂ ಆಗಿರಬಹುದು. ಒಂದೇ ಸಾಕ್ಷಿಯ ಮೇಲೆ ವರ್ಷ ಬರೆಯಬೇಡಿ.

ಕಾಗದ ಸಿಗದಿರುವುದಕ್ಕೆ ಸಾಮಾನ್ಯ ಕಾರಣ ತಪ್ಪು ಊರಿನಲ್ಲಿ ಹುಡುಕುವುದು. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೆ ಮುಂಚಿನ ಜಗಳೂರು, ಹರಿಹರ, ದಾವಣಗೆರೆ ತಾಲ್ಲೂಕುಗಳ ಪರವಾನಗಿ ಕಡತ ಚಿತ್ರದುರ್ಗದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಹುಟ್ಟಿದ್ದು. ಹೊನ್ನಾಳಿ, ಚನ್ನಗಿರಿಯವರು ಶಿವಮೊಗ್ಗಕ್ಕೆ ಹೋಗಬೇಕು. ಹರಪನಹಳ್ಳಿಯವರು ಬಳ್ಳಾರಿಯಲ್ಲಿ ಹುಡುಕಬೇಕು, ಅದರಲ್ಲೂ 1953ಕ್ಕೆ ಮುಂಚಿನದಾದರೆ ಮದ್ರಾಸ್ ಆಡಳಿತದ ಕಾಗದ. ಇದಲ್ಲದೆ ಪಟ್ಟಣ ಪಂಚಾಯಿತಿಯ ಕಂದಾಯ ಡಿಮ್ಯಾಂಡ್ ರಿಜಿಸ್ಟರ್, ಸಬ್‌ರಿಜಿಸ್ಟ್ರಾರ್ ಕಚೇರಿಯ ಕ್ರಯಪತ್ರ, ವಾಣಿಜ್ಯ ತೆರಿಗೆ ಇಲಾಖೆಯ ಮನರಂಜನಾ ತೆರಿಗೆ ಕಡತ ನೋಡಿ.

ಟಿ.ವಿ. ಬಂದು ಟಾಕೀಸು ಹೋಯಿತು ಎನ್ನುವುದು ಅರ್ಧ ನಿಜ. ಟಿ.ವಿ., ವಿಡಿಯೊ, ಕೇಬಲ್ ಎಲ್ಲ ಬಂದ ಮೇಲೂ ನಿಮ್ಮದು 2008ರವರೆಗೆ ನಡೆದಿದೆಯಲ್ಲ. ಸಣ್ಣ ಊರಿನ ಟಾಕೀಸು ಬದುಕಿದ್ದು ತಡವಾಗಿ ಬರುವ ಪ್ರಿಂಟಿನ ಮೇಲೆ. ಪ್ರಿಂಟು ದುಬಾರಿ, ಸಂಖ್ಯೆ ಕಡಿಮೆ. ಮೊದಲು ದಾವಣಗೆರೆ, ಚಿತ್ರದುರ್ಗದಲ್ಲಿ ಓಡಿ, ಗೆರೆಗಳು ಬಿದ್ದ ಮೇಲೆ ಕಡಿಮೆ ಬಾಡಿಗೆಗೆ ತಾಲ್ಲೂಕಿಗೆ ಬರುತ್ತಿತ್ತು. ಅಷ್ಟರಲ್ಲಿ ಸಿನಿಮಾದ ಹೆಸರು ಊರಿಗೆ ಮುಟ್ಟಿ ಜನ ಕಾದಿರುತ್ತಿದ್ದರು. ಉಪಗ್ರಹದಿಂದ ಡಿಜಿಟಲ್ ಪ್ರದರ್ಶನ ಬಂದು ಎಲ್ಲ ಕಡೆ ಒಂದೇ ದಿನ ಬಿಡುಗಡೆ ಶುರುವಾದಾಗ ಸಿನಿಮಾದ ಆಯುಷ್ಯ ಎರಡು ವಾರಕ್ಕೆ ಇಳಿಯಿತು, ಎರಡನೆಯ ಸುತ್ತೇ ಇಲ್ಲವಾಯಿತು. ಬಸ್‌ಸ್ಟ್ಯಾಂಡಿನ ಪಕ್ಕದಂಥ ನಿವೇಶನಕ್ಕೆ ಒಳ್ಳೆಯ ಬೆಲೆ ಇರುವಾಗ, ಹೊಸ ಯಂತ್ರಕ್ಕೆ ಬಂಡವಾಳ ಹಾಕುವುದಕ್ಕಿಂತ ಜಾಗ ಮಾರುವುದೇ ಲಾಭವೆನಿಸಿತು. ಮತ್ತೆ ತೆರೆಯುವ ಯೋಚನೆ ಇದ್ದರೆ ಈ ಲೆಕ್ಕವನ್ನು ಮೊದಲು ಎದುರಿಸಬೇಕು.

ತೆರೆಯಲು 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆ ಮತ್ತು 2014ರ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿಗಳಿಂದ ಹೊಸದಾಗಿ ಪರವಾನಗಿ ಬೇಕು. ಲೋಕೋಪಯೋಗಿ, ಅಗ್ನಿಶಾಮಕ, ವಿದ್ಯುತ್ ಪರಿವೀಕ್ಷಣೆಯವರ ವರದಿಗಳು ಬೇಕು. ಹಳೆಯ ಸೀಟುಗಳ ಸಂಖ್ಯೆ ಮರೆತುಬಿಡಿ, ದಾರಿ–ಬಾಗಿಲು ಅಗಲಿಸಿದರೆ ಅರ್ಧ ಉಳಿದರೆ ಹೆಚ್ಚು. ಟ್ರಾನ್ಸ್‌ಫಾರ್ಮರ್ ಕಟ್ಟಡದೊಳಗೆ ಇದ್ದರೆ ಹೊರಗೆ ಹಾಕಿಸಿ; 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತದ್ದು ನೆಲಮಹಡಿಯ ಟ್ರಾನ್ಸ್‌ಫಾರ್ಮರಿನಿಂದ ಎದ್ದ ಬೆಂಕಿ–ಹೊಗೆಗೆ.

ಕಲ್ಯಾಣ ಮಂಟಪ ಸುಲಭವೆಂದು ಅಣ್ಣಂದಿರು ಭಾವಿಸಿದ್ದರೆ ಅವರಿಗೆ ಒಂದು ಲೆಕ್ಕ ತೋರಿಸಿ. ನೆಲಕ್ಕೆ ಬಿಗಿದ ಆಸನದ ಸಭಾಂಗಣಕ್ಕೆ ಭಾರತೀಯ ಮಾನಕ 875ರ ಪ್ರಕಾರ ಚದರ ಮೀಟರಿಗೆ 4 ಕಿಲೋನ್ಯೂಟನ್ (ಸುಮಾರು 400 ಕೆ.ಜಿ.) ಭಾರ ಹಿಡಿಯುತ್ತಾರೆ, ಆಸನ ಬಿಗಿಯದಿದ್ದರೆ 5. ಅಂದರೆ ಬಾಲ್ಕನಿಯಲ್ಲಿ ಕುರ್ಚಿ ಕಿತ್ತು ಜನ ನಿಲ್ಲಿಸಿದರೆ ಕಾಲುಭಾಗ ಹೆಚ್ಚು ಭಾರ. ಬಾಲ್ಕನಿಯ ತಳವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಒಳಗಿನ ಸರಳು ತುಕ್ಕು ಹಿಡಿದು ಕಾಂಕ್ರೀಟ್ ಬಿಟ್ಟಿದೆ. ಸ್ಟ್ರಕ್ಚರಲ್ ಎಂಜಿನಿಯರ್ ಕಾಂಕ್ರೀಟಿನ ಭಾರತೀಯ ಮಾನಕ ಐ.ಎಸ್. 456ರಂತೆ ಭಾರಪರೀಕ್ಷೆ ಮಾಡಲಿ: ಬಳಕೆಯ ಭಾರದ 1.25 ಪಟ್ಟು, 24 ಗಂಟೆ, ಇಳಿಸಿದ ಮೇಲೆ ಬಾಗಿದ್ದು ಶೇ 75ರಷ್ಟಾದರೂ ಹಿಂದಕ್ಕೆ ಬರಬೇಕು. ಮಾಳಿಗೆ ಹೊತ್ತ ಟ್ರಸ್ಸುಗಳಲ್ಲಿ ನಡುಭಾಗಕ್ಕಿಂತ ಗೋಡೆಯೊಳಗೆ ಕೂತ ತುದಿಯನ್ನು ಕೆದಕಿ ನೋಡಬೇಕು, ಸೋರಿದ ನೀರು ಅಲ್ಲೇ ನಿಲ್ಲುವುದು. ಇಳಿಜಾರು ನೆಲಕ್ಕೆ ಮಣ್ಣು ತುಂಬಿ ಸಮ ಮಾಡಿದರೆ ಹಳೇ ಗೋಡೆ ಹೊರಗೆ ತಳ್ಳಿಕೊಳ್ಳುತ್ತದೆ. ಅದರ ಬದಲು ತೆಳು ಕಟ್ಟೆಗಳ ಮೇಲೆ ಹಲಗೆ ಕೂರಿಸಿ.

ಪುರಾತತ್ವ ಇಲಾಖೆ ತಾನಾಗಿ ಉಳಿಸುತ್ತದೆಂದು ಕಾಯಬೇಡಿ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ ಕನಿಷ್ಠ ನೂರು ವರ್ಷ ಬೇಕು. ನನ್ನ ಸಲಹೆ ನಡುದಾರಿ: ಸಭಾಂಗಣ ಬೇರೆ ಬಳಕೆಗೆ ಹೋಗಲಿ, ಮುಂಭಾಗ, ಬುಕಿಂಗ್ ಕಿಂಡಿ, ಕ್ಯಾಬಿನ್ ಮೂರನ್ನೂ ಹಾಗೇ ಬಿಡಿ. ಬಾಲ್ಕನಿಯನ್ನು ಭಾರಪರೀಕ್ಷೆ ಆಗುವವರೆಗೆ ಮುಚ್ಚಿಡಿ. ಕೆಡವುವುದೇ ನಿಶ್ಚಯವಾದರೆ ಮೊದಲು ನಕ್ಷೆ ಬರೆಸಿ, ಫೋಟೊ ತೆಗೆಸಿ.

ಕಡತಕ್ಕೆ ಈ ವಾರವೇ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಉತ್ತರಕ್ಕೆ 30 ದಿನದ ಗಡುವು. ಚಿತ್ರದುರ್ಗ ಜಿಲ್ಲಾಧಿಕಾರಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಒಕ್ಕಣೆ ಹೀಗಿರಲಿ:

“ಜಗಳೂರು ಪಟ್ಟಣದ (ಹೆಸರು) ಚಿತ್ರಮಂದಿರ, ಸ್ವತ್ತಿನ ಸಂಖ್ಯೆ (ಸಂಖ್ಯೆ), ಪರವಾನಗಿದಾರರು (ಅಜ್ಜನವರ ಹೆಸರು). ಈ ಚಿತ್ರಮಂದಿರಕ್ಕೆ ಆರಂಭದಿಂದ 1997ರವರೆಗೆ ನೀಡಿದ ತಾತ್ಕಾಲಿಕ, ಟೂರಿಂಗ್ ಹಾಗೂ ಕಾಯಂ ಪರವಾನಗಿಗಳು, ಮಂಜೂರಾದ ಕಟ್ಟಡ ನಕ್ಷೆ ಮತ್ತು ತಪಾಸಣಾ ವರದಿಗಳ ದೃಢೀಕೃತ ಪ್ರತಿ ನೀಡಿ. ಕಡತವು ದಾವಣಗೆರೆ ಜಿಲ್ಲೆಗೆ ವರ್ಗಾವಣೆಯಾಗಿದ್ದರೆ ವರ್ಗಾವಣೆ ಪಟ್ಟಿಯ ಪ್ರತಿ ನೀಡಿ, ಕಲಂ 6(3)ರಂತೆ ಈ ಅರ್ಜಿಯನ್ನು ಐದು ದಿನದೊಳಗೆ ಅಲ್ಲಿಗೆ ಕಳುಹಿಸಿ. ಕಡತ ನಾಶಪಡಿಸಿದ್ದರೆ ನಾಶದ ಆದೇಶ ಮತ್ತು ದಿನಾಂಕದ ಪ್ರತಿ ನೀಡಿ.”